ಗುಳೆ ಬಂದವರ ಮಕ್ಕಳು ಮತ್ತು ನಮ್ಮ ಶಾಲೆಯ ಬಾಗಿಲು

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



 

ಹಳ್ಳಿಗಳಿಂದ ನಗರಗಳಿಗೆ ಆಗುತ್ತಿರುವ ವಲಸೆ ಮತ್ತು ನಗರದ ಅಂಚಿನಲ್ಲಿ ಬೆಳೆಯುತ್ತಿರುವ ಜೋಪಡಿಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನನಗೆ ತಿಳಿಸಿದ್ದಾರೆ. ವಿಷಯ ದೊಡ್ಡದು. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕಿ, ಅರ್ಥಶಾಸ್ತ್ರ ಓದಿದವಳಲ್ಲ. ಆದ್ದರಿಂದ ಇದನ್ನು ಶಾಲೆಯ ಬಾಗಿಲಲ್ಲಿ ನಿಂತು ಹೇಗೆ ಕಾಣುತ್ತದೋ ಹಾಗೆ ನಿಮ್ಮ ಮುಂದೆ ಇಡುತ್ತೇನೆ. ದುಡಿಯಲು ಬಂದವರಿಗೆ ಊರು ಕೆಲಸ ಕೊಡುತ್ತದೆ, ವಿಳಾಸ ಕೊಡುವುದಿಲ್ಲ. ವಿಳಾಸವಿಲ್ಲ ಎಂಬ ಕಾರಣಕ್ಕೆ ಅವರ ಮಕ್ಕಳಿಗೆ ಶಾಲೆಯೂ ತಪ್ಪಿಹೋಗುತ್ತದೆ. ಇದನ್ನು ತಡೆಯುವ ಕೆಲಸದಲ್ಲಿ ನಮ್ಮಂಥ ಸಂಘಕ್ಕೆ ಪಾಲಿದೆ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಗುಳೆ ಎಂಬ ಮಾತು

ಉತ್ತರ ಕರ್ನಾಟಕದಲ್ಲಿ ‘ಗುಳೆ ಹೋಗುವುದು’ ಎಂಬ ಮಾತಿದೆ. ಹೊಟ್ಟೆಪಾಡಿಗಾಗಿ ಮನೆಗೆ ಬೀಗ ಹಾಕಿ, ಪಾತ್ರೆ ಪಗಡ ಕಟ್ಟಿಕೊಂಡು, ಮಕ್ಕಳು ಮರಿ ಸಮೇತ ಬೇರೆ ಊರಿಗೆ ಹೋಗುವುದಕ್ಕೆ ಈ ಹೆಸರು. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ವಿಜಯಪುರದ ಕಡೆಯ ಜನರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗುಳೆಗೆ ಒಂದು ಕಾಲವಿದೆ. ಮುಂಗಾರು ಬಿತ್ತನೆಯ ಕೆಲಸ ಮುಗಿದು, ತೊಗರಿ ಹತ್ತಿಯ ಸುಗ್ಗಿಯೂ ತೀರಿದ ಮೇಲೆ ಒಣಬೇಸಾಯದ ಹೊಲದಲ್ಲಿ ಕೆಲಸವಿರುವುದಿಲ್ಲ. ಆಗ ರಾತ್ರಿ ಬಸ್ಸುಗಳು ಸುರಪುರ, ಶಹಾಪುರ, ದೇವದುರ್ಗ, ಲಿಂಗಸುಗೂರಿನಿಂದ ತುಂಬಿ ಬರುತ್ತವೆ. ಬಸ್ಸಿನ ಮೇಲೆ ಜೋಳದ ಚೀಲ, ಒಳಗೆ ನಿದ್ದೆಗಣ್ಣಿನ ಮಕ್ಕಳು. ಕೆಲವರು ಬೆಂಗಳೂರಿಗೆ, ಕೆಲವರು ಮುಂಬೈ ಪುಣೆಗೆ, ಕೆಲವರು ಗೋವಾಕ್ಕೆ. ಯುಗಾದಿಗೆ, ಊರಿನ ಜಾತ್ರೆಗೆ, ಮೊಹರಂಗೆ ಅದೇ ಬಸ್ಸುಗಳು ತಿರುಗಿ ಹೋಗುತ್ತವೆ. ಆ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಲ್ಲ ಜಾತಿಯವರ ಹಬ್ಬ. ಅಲಾಯಿ ಕುಣಿಯ ಸುತ್ತ ಕುಣಿಯಲು ಬೆಂಗಳೂರಿನ ಗಾರೆ ಕೆಲಸ ಬಿಟ್ಟು ಹೋಗುವವರಲ್ಲಿ ನಮ್ಮವರು, ಅನ್ಯರು ಎಂಬ ಭೇದವಿರುವುದಿಲ್ಲ.

ಜನ ಯಾಕೆ ಹೋಗುತ್ತಾರೆ? ‘ಪಟ್ಟಣದ ಆಸೆಗೆ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಕಾರಣಗಳನ್ನು ಸ್ವಲ್ಪ ಬಿಡಿಸಿ ನೋಡಿ. ಮಳೆ ನಂಬುವಂತಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆ ಮತ್ತು ಭೀಮೆ ಎರಡೂ ಹರಿಯುತ್ತವೆ. ಆದರೂ ಕಾಲುವೆಯ ತುದಿಯಲ್ಲಿರುವ ಹೊಲಕ್ಕೆ ನೀರು ತಲುಪುವುದು ಕಷ್ಟ. ಅಣ್ಣತಮ್ಮಂದಿರಲ್ಲಿ ಪಾಲಾಗಿ ಪಾಲಾಗಿ ಹೊಲ ಎರಡು ಎಕರೆಗೆ ಬಂದಿರುತ್ತದೆ. ಬೀಜ ಗೊಬ್ಬರಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಮಾಡಿದ ಸಾಲ ಬಡ್ಡಿಯೊಡನೆ ಬೆಳೆದಿರುತ್ತದೆ. ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಾನೆ. ಆ ಮುಂಗಡದಿಂದ ಊರಿನ ಸಾಲ ತೀರುತ್ತದೆ, ಮೇಸ್ತ್ರಿಯ ಋಣ ಹುಟ್ಟುತ್ತದೆ. 2005ರಲ್ಲಿ ಬಂದ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತು. ಅದರಿಂದ ಅನೇಕ ಮನೆಗಳಿಗೆ ಉಪಕಾರವಾಯಿತು. ಆದರೆ ಗಂಡ ಹೆಂಡತಿ ಇಬ್ಬರೂ ನಗರದಲ್ಲಿ ದುಡಿದರೆ ಬರುವ ಕೂಲಿಗೂ ಆ ಕೂಲಿಗೂ ಬಹಳ ಅಂತರ. ಸಾಲ ಇದ್ದವನು ಈ ಲೆಕ್ಕವನ್ನು ತಪ್ಪದೆ ಮಾಡುತ್ತಾನೆ.

ಅಕ್ಷರದ ಲೆಕ್ಕವೂ ಒಂದಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡ 75ಕ್ಕಿಂತ ಹೆಚ್ಚಿತ್ತು. ಯಾದಗಿರಿ ಜಿಲ್ಲೆಯದು ಶೇಕಡ 52ರ ಒಳಗೆ. ರಾಜ್ಯದಲ್ಲಿ ಕಡೆಯ ಸ್ಥಾನ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡಲು ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸುವ ಮಸೂದೆಯನ್ನು ಸಂಸತ್ತು 2012ರಲ್ಲಿ ಒಪ್ಪಿತು. ಆ ಭಾಗದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದಾಯಿತು. ಹೆಸರು ಬದಲಾದರೂ ರಾತ್ರಿ ಬಸ್ಸುಗಳು ಇನ್ನೂ ತುಂಬಿಯೇ ಬರುತ್ತಿವೆ.

ನಗರ ಕಟ್ಟಿದ್ದೇ ಬಂದವರು

ಬೆಂಗಳೂರಿನವರಾದ ನಾವು ‘ಹೊರಗಿನವರು ಬಂದು ಊರು ಹಾಳಾಯಿತು’ ಎಂದು ಹೇಳುವುದುಂಟು. ಸ್ವಲ್ಪ ಇತಿಹಾಸ ನೋಡೋಣ. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿಸಿ ಪೇಟೆಗಳನ್ನು ಮಾಡಿದರೆಂದು ಓದುತ್ತೇವೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳನ್ನು ಗಮನಿಸಿ. ಇವು ಕಸುಬಿನ ಹೆಸರುಗಳು. ಕಸುಬು ಹಿಡಿದು ಬಂದವರಿಗೆ ಅಂದಿನ ಊರು ಜಾಗವನ್ನೂ ಕೊಟ್ಟಿತು, ಆ ಜಾಗಕ್ಕೆ ಅವರ ಕಸುಬಿನ ಹೆಸರನ್ನೂ ಇಟ್ಟಿತು. 1809ರಲ್ಲಿ ಬ್ರಿಟಿಷರ ದಂಡು ಬಂದಾಗ ಅದರ ಹಿಂದೆ ತಮಿಳು ಮಾತಾಡುವವರು, ದಖನಿ ಮಾತಾಡುವವರು ಬಂದು ನೆಲೆಸಿದರು. ಇಲ್ಲಿ ಕುಳಿತಿರುವ ಅನೇಕರ ಮುತ್ತಜ್ಜಂದಿರು ಅವರಲ್ಲಿದ್ದರು. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಬಿಡಿಸಲು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳಾದವು. ಆಮೇಲೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದವು. ಅವುಗಳ ಜೊತೆಗೆ ಕಾಲೋನಿಗಳೂ ಬಂದವು. ಕಾರ್ಖಾನೆಗೆ ಸೇರಿದ ಕಾರ್ಮಿಕರಲ್ಲಿ ಅನೇಕರಿಗೆ ಕ್ವಾರ್ಟರ್ಸ್ ಸಿಕ್ಕಿತು, ಮಕ್ಕಳಿಗೆ ಅಲ್ಲಿಯೇ ಶಾಲೆ ಸಿಕ್ಕಿತು. ಅಂಥ ಮನೆಗಳಿಂದ ಬಂದ ಇಂಜಿನಿಯರುಗಳು, ವೈದ್ಯರು, ಶಿಕ್ಷಕರು ಈಗ ನಮ್ಮ ಮಧ್ಯೆ ಇದ್ದಾರೆ.

ಈಗ ಸಂಖ್ಯೆಗಳನ್ನು ನೋಡಿ. 1951ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 8 ಲಕ್ಷ. 1981ಕ್ಕೆ ಸುಮಾರು 29 ಲಕ್ಷ, 2001ಕ್ಕೆ ಸುಮಾರು 57 ಲಕ್ಷ, 2011ಕ್ಕೆ ಸುಮಾರು 85 ಲಕ್ಷ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್ ಕಾರಣದಿಂದ ಮುಂದೆ ಹೋಗಿ 2027ಕ್ಕೆ ನಿಗದಿಯಾಯಿತು. ಹತ್ತು ವರ್ಷದಲ್ಲಿ 28 ಲಕ್ಷ ಜನ ಹೆಚ್ಚಿದರು ಎಂದರೆ ಅವರಿಗೆ ಬೇಕಾದ ಮನೆ, ಕಚೇರಿ, ಮೇಲುಸೇತುವೆ, ಚರಂಡಿ, ಮೆಟ್ರೋ ಎಲ್ಲವನ್ನೂ ಯಾರೋ ಕಟ್ಟಿರಬೇಕಲ್ಲವೇ? ಕಟ್ಟಿದವರು ಎಲ್ಲಿ ಮಲಗಿದರು? ಕಾರ್ಖಾನೆಯ ಕಾಲದಲ್ಲಿ ಕೆಲಸದ ಜೊತೆಗೆ ಕ್ವಾರ್ಟರ್ಸ್ ಬಂತು. ಗಗನಚುಂಬಿ ಕಟ್ಟಡಗಳ ಈ ಕಾಲದಲ್ಲಿ ಕೆಲಸದ ಜೊತೆಗೆ ಬಂದದ್ದು ನಾಲ್ಕು ಗಳ ಮತ್ತು ಒಂದು ನೀಲಿ ತಾಡಪತ್ರಿ.

ನೀಲಿ ಹೊದಿಕೆಯ ಊರುಗಳು

ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡ್, ಹೆಣ್ಣೂರಿನ ಕಡೆ ಹೋದವರು ಈ ನೀಲಿ ಹೊದಿಕೆಗಳನ್ನು ನೋಡಿರುತ್ತೀರಿ. ದೊಡ್ಡ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ತಾಗಿಕೊಂಡ ಖಾಲಿ ಜಾಗದಲ್ಲಿ ಸಾಲಾಗಿ ಶೆಡ್ಡುಗಳು. ಅವು ಹೇಗೆ ಹುಟ್ಟುತ್ತವೆ ಎಂಬುದನ್ನು ಅನೇಕರು ತಿಳಿದಿಲ್ಲ. ‘ಸರ್ಕಾರಿ ಜಾಗ ಒತ್ತುವರಿ ಮಾಡಿದ್ದಾರೆ’ ಎಂದು ಎಲ್ಲರ ಮೇಲೂ ಒಂದೇ ಮಾತು ಹಾಕುತ್ತೇವೆ. ಅನೇಕ ಕಡೆ ಅದು ಖಾಸಗಿ ಜಾಗ. ಮಾಲೀಕರು ಮುಂದೆ ಕಟ್ಟಡ ಕಟ್ಟಲು ಇಟ್ಟುಕೊಂಡ ನಿವೇಶನವನ್ನು ಅಲ್ಲಿಯವರೆಗೆ ಒಬ್ಬ ಮಧ್ಯವರ್ತಿಗೆ ಬಿಟ್ಟುಕೊಡುತ್ತಾರೆ. ಅವನು ಶೆಡ್ಡಿಗೆ ಇಷ್ಟು ಎಂದು ತಿಂಗಳ ನೆಲಬಾಡಿಗೆ ವಸೂಲು ಮಾಡುತ್ತಾನೆ. ತಗಡು, ಬಿದಿರು, ತಾಡಪತ್ರಿಯ ಖರ್ಚು ಬಂದವರದೇ. ಕುಡಿಯುವ ನೀರನ್ನು ಕ್ಯಾನಿನಲ್ಲಿ ಕೊಳ್ಳಬೇಕು, ಬಳಸುವ ನೀರನ್ನು ಟ್ಯಾಂಕರಿನಿಂದ ಹಿಡಿಯಬೇಕು. ನಲ್ಲಿ ಇರುವ ಮನೆಯವರು ಬಿಂದಿಗೆಗೆ ಕೊಡುವುದಕ್ಕಿಂತ ಹೆಚ್ಚಿನ ಹಣವನ್ನು ನಲ್ಲಿಯಿಲ್ಲದ ಇವರು ಕೊಡುತ್ತಾರೆ. ಬಾಡಿಗೆ ಕೊಟ್ಟರೂ ರಸೀದಿ ಇಲ್ಲ, ಕರಾರು ಪತ್ರವಿಲ್ಲ. ಜಾಗದಲ್ಲಿ ಪಾಯ ತೋಡುವ ದಿನ ಬಂದರೆ ಶೆಡ್ಡು ಕಿತ್ತು ಮುಂದಿನ ಖಾಲಿ ಜಾಗ ಹುಡುಕಬೇಕು.

ಒಂದು ಊರಿನವರು ಒಂದೇ ಕಡೆ ಸೇರುವುದೂ ಇಲ್ಲಿನ ಪದ್ಧತಿ. ಮೊದಲು ಬಂದವರು ತಮ್ಮ ಅಣ್ಣತಮ್ಮಂದಿರನ್ನು, ಬೀಗರನ್ನು ಕರೆಸುತ್ತಾರೆ. ಹೊಸಬರಿಗೆ ಕೆಲಸದ ನಾಕಾ ಎಲ್ಲಿದೆ, ಯಾವ ಮೇಸ್ತ್ರಿ ಸರಿಯಾಗಿ ಬಟವಾಡೆ ಮಾಡುತ್ತಾನೆ, ಕಾಯಿಲೆ ಬಂದರೆ ಎಲ್ಲಿಗೆ ಹೋಗಬೇಕು ಎಂದು ಅವರೇ ಹೇಳಿಕೊಡುತ್ತಾರೆ. ಗಂಡಸರು ಗಾರೆ ಕೆಲಸ, ಸೆಂಟ್ರಿಂಗ್, ಪೇಂಟಿಂಗ್. ಹೆಂಗಸರು ಕಲ್ಲು ಮಣ್ಣು ಹೊರುವುದು ಇಲ್ಲವೇ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ. ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಕುಟುಂಬಗಳು ನಗರದ ಕಸ ವಿಂಗಡಿಸುತ್ತವೆ. ನಾವು ಬಿಸಾಡಿದ ಪ್ಲಾಸ್ಟಿಕ್ಕನ್ನು ಬೇರ್ಪಡಿಸಿ ಕಾರ್ಖಾನೆಗೆ ಮುಟ್ಟಿಸುವ ಕೊಂಡಿಯಲ್ಲಿ ಮೊದಲಿಗರು ಅವರು.

ಇಂಥ ಜಾಗಗಳಿಗೂ ನಾವು ಸಾಮಾನ್ಯವಾಗಿ ಕೊಳಗೇರಿ ಎನ್ನುವ ಜಾಗಗಳಿಗೂ ವ್ಯತ್ಯಾಸವಿದೆ. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. 1973ರಲ್ಲಿ ಕರ್ನಾಟಕದಲ್ಲಿ ಕೊಳಗೇರಿಗಳ ಸುಧಾರಣೆ ಮತ್ತು ನಿರ್ಮೂಲನೆಗಾಗಿ ಒಂದು ಕಾಯ್ದೆ ಬಂತು. ಆ ಕಾಯ್ದೆಯಂತೆ ಸರ್ಕಾರ ಒಂದು ಪ್ರದೇಶವನ್ನು ಕೊಳಗೇರಿ ಎಂದು ಘೋಷಿಸಿದರೆ ಅಲ್ಲಿಗೆ ನಲ್ಲಿ, ದೀಪ, ಚರಂಡಿ ಬರುವ ದಾರಿ ತೆರೆಯುತ್ತದೆ. ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳಿಗೆ ಹೆಸರು ಬರೆಸಬಹುದು. ಘೋಷಣೆಯಾಗದ ಜಾಗಕ್ಕೆ ಇದು ಯಾವುದೂ ಇಲ್ಲ. 2011ರ ಜನಗಣತಿಯಂತೆ ದೇಶದ ಕೊಳಗೇರಿಗಳಲ್ಲಿ ಸುಮಾರು 6.5 ಕೋಟಿ ಜನರಿದ್ದರು. ಆ ಗಣತಿಯಲ್ಲಿ ಮೂರು ಬಗೆಯ ಜಾಗಗಳನ್ನು ಎಣಿಸಿದರು: ಕಾಯ್ದೆಯಂತೆ ಘೋಷಣೆಯಾದವು, ಸರ್ಕಾರ ಮಾನ್ಯ ಮಾಡಿದವು, ಮತ್ತು ಗಣತಿದಾರರೇ ಗುರುತಿಸಿದವು. ಮೂರನೆಯದರಲ್ಲಿ ಸೇರಲು ಕನಿಷ್ಠ 300 ಜನ ಅಥವಾ 60ರಿಂದ 70 ಮನೆಗಳು ಒಂದೇ ಕಡೆ ಇರಬೇಕು. ಈಗ ಯೋಚಿಸಿ: ಮೂವತ್ತು ನಲವತ್ತು ಶೆಡ್ಡುಗಳ, ವರ್ಷಕ್ಕೊಮ್ಮೆ ಜಾಗ ಬದಲಿಸುವ ಸಣ್ಣ ಗುಂಪು ಯಾವ ಪಟ್ಟಿಗೆ ಸೇರುತ್ತದೆ? ಹಳೆಯ ಕೊಳಗೇರಿಯ ಬಡವನು ಬಡವನೇ ಆದರೂ ಪಟ್ಟಿಯಲ್ಲಿದ್ದಾನೆ. ನೀಲಿ ತಾಡಪತ್ರಿಯ ಕೆಳಗಿನವನು ಪಟ್ಟಿಯಿಂದಲೂ ಹೊರಗೆ.

ಪಟ್ಟಿಯ ಹೊರಗೆ ಇರುವುದರ ಬೆಲೆ

ನಗರದಲ್ಲಿ ಬಡವನಿಗೆ ಇರುವ ಹಕ್ಕು ಏನು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ದೊಡ್ಡದಾಗಿ ಎದ್ದದ್ದು ಮುಂಬೈಯಲ್ಲಿ. 1981ರ ಮಳೆಗಾಲದಲ್ಲಿ ಪಾದಚಾರಿ ಮಾರ್ಗದ ಮೇಲೆ ಬದುಕುತ್ತಿದ್ದವರನ್ನು ಎಬ್ಬಿಸಲಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1985ರಲ್ಲಿ ಬಂದ ಓಲ್ಗಾ ಟೆಲಿಸ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಾಲಯವು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ಕೆಲಸದ ಹತ್ತಿರದ ನೆಲೆಯನ್ನು ಕಿತ್ತರೆ ಕೆಲಸವನ್ನೂ ಕಿತ್ತಂತೆ ಎಂಬುದನ್ನು ಒಪ್ಪಿತು. ಆದರೆ ಕಾನೂನಿನ ಕ್ರಮದಂತೆ ನೋಟಿಸು ಕೊಟ್ಟು ಎಬ್ಬಿಸುವುದನ್ನು ನಿಷೇಧಿಸಲಿಲ್ಲ. ಆ ತೀರ್ಪಿನಿಂದ ಬಡವರಿಗೆ ಸಿಕ್ಕಿದ್ದೂ ಇದೆ, ಸಿಗದೆ ಉಳಿದದ್ದೂ ಇದೆ.

ನಮ್ಮ ಊರಿನ ಉದಾಹರಣೆ ಹೇಳುತ್ತೇನೆ. 2020ರ ಜನವರಿಯಲ್ಲಿ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ನೂರಕ್ಕೂ ಹೆಚ್ಚು ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಸುದ್ದಿ ಮೊಬೈಲುಗಳಲ್ಲಿ ಹರಡಿತ್ತು. ಶೆಡ್ಡು ಕಳೆದುಕೊಂಡವರಲ್ಲಿ ನಮ್ಮದೇ ಉತ್ತರ ಕರ್ನಾಟಕದವರಿದ್ದರು; ಅಸ್ಸಾಂ, ತ್ರಿಪುರಾದಂಥ ರಾಜ್ಯಗಳವರೂ ಇದ್ದರು. ಅನೇಕರ ಕೈಯಲ್ಲಿ ಆಧಾರ್, ಮತದಾರರ ಚೀಟಿ ಇತ್ತು. ಹೈಕೋರ್ಟ್ ಮಧ್ಯೆ ಬಂದು ಮುಂದಿನ ತೆರವನ್ನು ತಡೆಯಿತು. ಅಷ್ಟರಲ್ಲಿ ಮನೆಗಳು ಹೋಗಿದ್ದವು. ಗುರುತಿನ ಚೀಟಿ ಇದ್ದರೂ, ‘ಇವರು ಇಲ್ಲಿಯವರು, ನಮಗೆ ಗೊತ್ತು’ ಎಂದು ಹೇಳುವ ಒಬ್ಬ ನೆರೆಯವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆ ಘಟನೆ ತೋರಿಸಿತು.

ಎರಡೇ ತಿಂಗಳಲ್ಲಿ ಲಾಕ್‌ಡೌನ್ ಬಂತು. 2020ರ ಮಾರ್ಚ್ 24ರ ರಾತ್ರಿ ಘೋಷಣೆಯಾದಾಗ ಕೂಲಿ ನಿಂತಿತು, ಬಸ್ಸೂ ನಿಂತಿತು. ಮೇ 1ರಿಂದ ಶ್ರಮಿಕ್ ರೈಲುಗಳು ಹೊರಟವು. ನಮ್ಮ ರಾಜ್ಯದಲ್ಲಿ ಆ ರೈಲುಗಳನ್ನು ಒಮ್ಮೆ ನಿಲ್ಲಿಸಲು ಹೊರಟು, ಟೀಕೆ ಬಂದ ಮೇಲೆ ಮತ್ತೆ ಓಡಿಸಲಾಯಿತು. ರಾಜ್ಯದೊಳಗಿನ ಕಾರ್ಮಿಕರಿಗೆ ಕೊನೆಗೆ ಬಸ್ ಪ್ರಯಾಣ ಉಚಿತವಾಯಿತು. ಆ ಸಂಕಟದಿಂದ ಎರಡು ಒಳ್ಳೆಯ ಕೆಲಸಗಳಾದವು. ಒಂದು, ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಟ್ಟಿತು. ಎರಡು, ಅಸಂಘಟಿತ ಕಾರ್ಮಿಕರ ನೋಂದಣಿಗೆ 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ಆರಂಭವಾಯಿತು. ಊರಿನ ಕಾರ್ಡಿನಿಂದ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು ಎಂಬುದು ಎಷ್ಟೋ ಶೆಡ್ಡುಗಳಿಗೆ ಇನ್ನೂ ತಿಳಿದಿಲ್ಲ. ತಿಳಿಸುವವರು ಬೇಕು.

ನಮ್ಮ ಸಮುದಾಯಕ್ಕೆ ಈ ವಿಷಯ ಹತ್ತಿರದ್ದು. 2011ರ ಗಣತಿಯಂತೆ ದೇಶದ ಒಟ್ಟು ಜನರಲ್ಲಿ ಶೇಕಡ 31 ಮಂದಿ ನಗರವಾಸಿಗಳಾದರೆ, ಮುಸ್ಲಿಮರಲ್ಲಿ ಶೇಕಡ 40ರಷ್ಟು ಮಂದಿ ನಗರವಾಸಿಗಳು. ಹೊಲವಿಲ್ಲದವನು ಕಸುಬು ನಂಬಿ ಬದುಕುತ್ತಾನೆ, ಕಸುಬು ಅವನನ್ನು ಪೇಟೆಗೆ ಎಳೆಯುತ್ತದೆ. 2006ರ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಉದಾಹರಿಸಿದ್ದೇವೆ. ನಮ್ಮ ಶಾಲೆಯಿಂದ ಒಂದೆರಡು ಕಿಲೋಮೀಟರ್ ದೂರದ ಶೆಡ್ಡುಗಳಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ನಾವೇ ಎಣಿಸಿದ್ದೇವೆಯೇ?

ಮದೀನಾಕ್ಕೆ ಹಿಜ್ರತ್ ಮಾಡಿ ಬಂದ ಹಜ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್ ಅವರ ಸಂಗತಿ ನಿಮಗೆಲ್ಲ ಗೊತ್ತಿದೆ. ಅನ್ಸಾರಿ ಸಹೋದರರಾದ ಹಜ್ರತ್ ಸಅದ್ ಬಿನ್ ರಬೀ ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಬಂದವರು ಅದನ್ನು ತೆಗೆದುಕೊಳ್ಳದೆ, ಪೇಟೆ ಎಲ್ಲಿದೆ ತೋರಿಸಿ ಎಂದು ಕೇಳಿದರು. ಈಗ ಯಾದಗಿರಿಯಿಂದ ಬರುವವನಿಗೆ ಕೆಲಸದ ನಾಕಾ ತೋರಿಸಲು ಅವನ ಊರಿನವರಿದ್ದಾರೆ. ಅವನ ಮಗಳಿಗೆ ಶಾಲೆಯ ದಾರಿ ತೋರಿಸುವವರು ಯಾರು?

ಮಧ್ಯ ವರ್ಷದಲ್ಲಿ ಬರುವ ಮಗು

ನಮ್ಮಂಥ ಶಾಲೆಗಳಲ್ಲಿ ಸಂಕ್ರಾಂತಿ ಕಳೆದ ಮೇಲೆ ಇಂಥ ತಾಯಂದಿರು ಬರುವುದುಂಟು. ಕಳೆದ ಸಲ ಬಂದ ಒಬ್ಬ ತಾಯಿ ಹೇಳಿದ ಮಾತನ್ನು ಅವರ ಮಾತಿನಲ್ಲೇ ಹೇಳುತ್ತೇನೆ: “ಟೀಚರ್ರಿ, ಈಕಿ ಊರಾಗ ಮೂರನೇತ್ತ ಓದಕತ್ತಿದ್ಳು. ಟೀಸಿ ತಂದಿಲ್ರಿ. ತರ್ಲಾಕ ಹೋದ್ರ ಮೂರು ದಿನದ ಕೂಲಿ ಹೋಗ್ತದ್ರಿ.” ಹುಡುಗಿಗೆ ಒಂಬತ್ತು ವರ್ಷ. ಕಂಕುಳಲ್ಲಿ ತಮ್ಮ. ತಾಯಿ ಕೆಲಸಕ್ಕೆ ಹೋದರೆ ಆ ತಮ್ಮನನ್ನು ನೋಡಿಕೊಳ್ಳುವವಳೂ ಅವಳೇ.

ಟೀಸಿ ಇಲ್ಲ, ವರ್ಷದ ನಡುವೆ ಬಂದಿದ್ದಾಳೆ, ಇಲ್ಲಿನ ವಿಳಾಸದ ಪುರಾವೆ ಇಲ್ಲ. ಈ ಮೂರು ಕಾರಣ ಹೇಳಿ ಮಗುವನ್ನು ವಾಪಸು ಕಳುಹಿಸುವ ಶಾಲೆಗಳಿವೆ. ಕಾನೂನು ಏನು ಹೇಳುತ್ತದೆ? 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ದಯವಿಟ್ಟು ಈ ನಾಲ್ಕು ಅಂಶಗಳನ್ನು ಬರೆದುಕೊಳ್ಳಿ.

ಒಂದು: ಟೀಸಿ ತಡವಾಯಿತು ಎಂಬ ಕಾರಣಕ್ಕೆ ಸೇರಿಸಿಕೊಳ್ಳುವುದನ್ನು ತಡ ಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಟೀಸಿಯನ್ನು ಕೂಡಲೇ ಕೊಡುವುದು ಹಿಂದಿನ ಶಾಲೆಯ ಮುಖ್ಯ ಶಿಕ್ಷಕರ ಹೊಣೆ. ಇದು 5ನೇ ಕಲಂ.

ಎರಡು: ವಯಸ್ಸಿನ ಪುರಾವೆ ಇಲ್ಲವೆಂದು ನಿರಾಕರಿಸುವಂತಿಲ್ಲ. ಇದು 14ನೇ ಕಲಂ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು ಎನ್ನುತ್ತದೆ 15ನೇ ಕಲಂ.

ಮೂರು: ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಇದು 4ನೇ ಕಲಂ.

ನಾಲ್ಕು: ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು 9ನೇ ಕಲಂ ಹೆಸರಿಟ್ಟು ಹೇಳಿದೆ.

ಅಂದರೆ ಮನೆಗೆ, ನಲ್ಲಿಗೆ, ಸಾಲಕ್ಕೆ ವಿಳಾಸ ಕೇಳುವ ಈ ಊರಿನಲ್ಲಿ ಶಾಲೆಗೆ ಸೇರಲು ಮಾತ್ರ ಮಗು ಬಂದು ನಿಂತರೆ ಸಾಕು ಎಂದು ಕಾನೂನು ಹೇಳುತ್ತದೆ. ಒಮ್ಮೆ ದಾಖಲಾತಿ ಪುಸ್ತಕದಲ್ಲಿ ಹೆಸರು ಏರಿದರೆ ಮುಂದೆ ವ್ಯಾಸಂಗ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದರಲ್ಲಿನ ಜನ್ಮದಿನಾಂಕ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. ಶೆಡ್ಡು ಜಾಗ ಬದಲಿಸಬಹುದು. ಪುಸ್ತಕದಲ್ಲಿನ ಹೆಸರು ಅಲ್ಲೇ ಇರುತ್ತದೆ. ಶಾಲೆಯೇ ಆ ಮಗುವಿನ ಮೊದಲ ವಿಳಾಸ.

ಇಲ್ಲಿ ನಮ್ಮ ಸಂಘಕ್ಕೆ ಒಂದು ನೇರ ಮಾತು ಹೇಳಬೇಕು. ಹಿರಿಯರು ಕ್ಷಮಿಸಬೇಕು. ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪನ್ನು ದೊಡ್ಡ ಪೀಠ ಮತ್ತೆ ನೋಡಬೇಕೆಂಬ ಅಭಿಪ್ರಾಯದಿಂದ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ನಮ್ಮ ಸಂಸ್ಥೆಗಳನ್ನು ನಾವೇ ನಡೆಸುವ ಹಕ್ಕು ಸಂವಿಧಾನ ಕೊಟ್ಟದ್ದು, ಅದನ್ನು ಕಾಪಾಡಿಕೊಳ್ಳಬೇಕು. ಆದರೆ ಆ ಹಕ್ಕು ನಮಗೆ ಸಿಕ್ಕಿದ್ದು ಹಿಂದುಳಿದ ಮಕ್ಕಳನ್ನು ಮುಂದೆ ತರಲೆಂದು. ಟೀಸಿ ಇಲ್ಲದ ಮಗುವನ್ನು ಸರ್ಕಾರಿ ಶಾಲೆ ಸೇರಿಸಿಕೊಳ್ಳುವಾಗ, ನಮ್ಮ ಶಾಲೆ ‘ನಮಗೆ ಆ ಕಾಯ್ದೆ ಇಲ್ಲ’ ಎಂದು ಬಾಗಿಲು ಹಾಕಿದರೆ ಅದು ಹಕ್ಕಿನ ಬಳಕೆ ಎನಿಸುವುದೇ? ಕಾಯ್ದೆ ಕೇಳದಿದ್ದರೂ ನಾವು ತೆಗೆಯಬೇಕಾದ ಬಾಗಿಲು ಅದು.

ಭಾಷೆಯ ಮೆಟ್ಟಿಲು

ಬಾಗಿಲು ತೆರೆದ ಮೇಲೂ ಒಂದು ಮೆಟ್ಟಿಲಿದೆ. ಊರಿನಲ್ಲಿ ಉರ್ದು ಮಾಧ್ಯಮದಲ್ಲಿ ಮೂರನೇ ತರಗತಿ ಓದಿದ ಮಗು ಬೆಳ್ಳಂದೂರಿನ ಕಡೆ ಬಂದರೆ ಹತ್ತಿರದಲ್ಲಿ ಉರ್ದು ಶಾಲೆ ಸಿಗುವುದು ಕಷ್ಟ. ನಮ್ಮ ಉರ್ದು ಶಾಲೆಗಳು ಹೆಚ್ಚಾಗಿ ಶಿವಾಜಿನಗರ, ಟ್ಯಾನರಿ ರಸ್ತೆಯಂಥ ಹಳೆಯ ಮೊಹಲ್ಲಾಗಳಲ್ಲಿವೆ. ಹೊಸ ಕೆಲಸ ಇರುವುದು ಊರಿನ ಹೊರಗೆ. ಹಾಗಾಗಿ ಆ ಮಗು ಕನ್ನಡ ಶಾಲೆ ಸೇರಬೇಕು. ಅದು ನೋಟುಪುಸ್ತಕವನ್ನು ಹಿಂದಿನ ರಟ್ಟಿನಿಂದ ತೆರೆಯುತ್ತದೆ, ಬಲದಿಂದ ಎಡಕ್ಕೆ ಬರೆಯಲು ಹೊರಡುತ್ತದೆ. ಕೆಲವರು ಇದನ್ನು ದಡ್ಡತನ ಎನ್ನುತ್ತಾರೆ. ಅದು ಮೂರು ವರ್ಷ ಕಲಿತದ್ದರ ಗುರುತು. ಉರ್ದುವಿನಲ್ಲಿ ಜೇರ್ ಜಬರ್ ಪೇಶ್ ತಿಳಿದ ಮಗುವಿಗೆ ಕನ್ನಡದ ಗುಣಿತಾಕ್ಷರವನ್ನು ಅದರ ಮೂಲಕವೇ ಹೇಳಿಕೊಟ್ಟರೆ ಬೇಗ ಹತ್ತುತ್ತದೆ. ಜಬರ್ ಇದ್ದರೆ ಕ, ಜೇರ್ ಇದ್ದರೆ ಕಿ, ಪೇಶ್ ಇದ್ದರೆ ಕು. ಒತ್ತಕ್ಷರ ಹೊಸದು, ಅದಕ್ಕೆ ಸ್ವಲ್ಪ ಸಮಯ ಬೇಕು.

ಇನ್ನೊಂದು ವಿಷಯ. ಈ ಮಕ್ಕಳಿಗೆ ಕನ್ನಡ ಬರುತ್ತದೆ. ಅವರದು ಸುರಪುರದ ಕನ್ನಡ. ‘ಇದೆ’ ಎನ್ನುವಲ್ಲಿ ‘ಅದ’ ಎನ್ನುತ್ತಾರೆ. ತರಗತಿಯಲ್ಲಿ ಒಮ್ಮೆ ನಕ್ಕರೆ ಆ ಮಗು ಒಂದು ತಿಂಗಳು ಬಾಯಿ ತೆರೆಯುವುದಿಲ್ಲ. ಬಿ.ಎಡ್. ಓದುತ್ತಿರುವ ತಂಗಿಯರು, ತಮ್ಮಂದಿರು ಇದನ್ನು ನೆನಪಿಡಬೇಕು. ಒಂದರಿಂದ ಮೂರನೇ ತರಗತಿಗೆ ನಮ್ಮ ರಾಜ್ಯದಲ್ಲಿ ಬೆಳೆದ ನಲಿ-ಕಲಿ ಪದ್ಧತಿ ಇಂಥ ಮಕ್ಕಳಿಗೆ ಬಹಳ ಉಪಯುಕ್ತ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರ ಹೊತ್ತಿಗೆ ಆರಂಭವಾದ ಪದ್ಧತಿ ಇದು. ಅದರಲ್ಲಿ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಎರಡು ತಿಂಗಳು ಊರಿಗೆ ಹೋಗಿ ಬಂದರೂ ಎಲ್ಲರ ಹಿಂದೆ ಬಿದ್ದೆನೆಂಬ ಅಳುಕು ಕಡಿಮೆ. ನಾಲ್ಕನೇ ತರಗತಿಯಿಂದ ಆ ಅನುಕೂಲ ಇಲ್ಲ. ಗುಳೆ ಬಂದ ಮಕ್ಕಳಿಗೆ ಮನೆಗೆಲಸದ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊರೆ ಹೆಚ್ಚುವುದೂ ಅದೇ ವಯಸ್ಸಿನಲ್ಲಿ. ಆದ್ದರಿಂದ ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳ ಕಡೆ, ಅದರಲ್ಲೂ ಹೆಣ್ಣುಮಕ್ಕಳ ಕಡೆ ನಮ್ಮ ಗಮನ ಹೆಚ್ಚಿರಬೇಕು.

ನಾವು ಮಾಡಬಹುದಾದದ್ದು

ಸಂಘದ ಸದಸ್ಯರಲ್ಲಿ ನನ್ನ ವಿನಂತಿಗಳು ದೊಡ್ಡವಲ್ಲ. ಹಣಕ್ಕಿಂತ ಹೆಚ್ಚಾಗಿ ಸಮಯ ಬೇಡುವವು.

ಮೊದಲನೆಯದು, ನಮ್ಮ ಶಾಲೆಯ ಸುತ್ತಲಿನ ಶೆಡ್ಡುಗಳಲ್ಲಿ ಜಾತಿ ಧರ್ಮ ನೋಡದೆ ಶಾಲಾ ವಯಸ್ಸಿನ ಮಕ್ಕಳ ಪಟ್ಟಿ ಮಾಡೋಣ. ಹೆಸರು, ವಯಸ್ಸು, ಊರಿನ ಶಾಲೆ, ಓದಿದ ತರಗತಿ, ಮಾಧ್ಯಮ. ಒಂದು ನೋಟುಪುಸ್ತಕ ಸಾಕು. ಭಾನುವಾರ ಹೋದರೆ ತಂದೆ ತಾಯಿ ಸಿಗುತ್ತಾರೆ.

ಎರಡನೆಯದು, ಟೀಸಿಗಾಗಿ ಆ ತಾಯಿ ಮೂರು ದಿನದ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಮಗುವನ್ನು ಮೊದಲು ಸೇರಿಸಿಕೊಂಡು, ಸಂಘದ ಪರವಾಗಿ ಊರಿನ ಮುಖ್ಯ ಶಿಕ್ಷಕರಿಗೆ ಫೋನು ಮಾಡೋಣ, ಪತ್ರ ಬರೆಯೋಣ. ಈಗ ರಾಜ್ಯದ ಶಾಲಾ ಮಕ್ಕಳ ವಿವರ ಕಂಪ್ಯೂಟರಿನಲ್ಲಿ ಇರುವುದರಿಂದ ಅಲ್ಲಿಂದ ಇಲ್ಲಿಗೆ ಹೆಸರು ವರ್ಗಾಯಿಸಬಹುದು.

ಮೂರನೆಯದು, ಶಾಲೆ ಮುಗಿದ ಮೇಲೆ ಒಂದು ಗಂಟೆ ಭಾಷೆಯ ಪಾಠ. ಉರ್ದುವಿನಿಂದ ಕನ್ನಡಕ್ಕೆ, ಬಂಗಾಳಿಯಿಂದ ಕನ್ನಡಕ್ಕೆ. ಒಂಬತ್ತು, ಹತ್ತನೇ ತರಗತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಮಗುವಿಗೆ ಅಣ್ಣ ಅಕ್ಕ ಆಗಬಹುದು. ನಿಮ್ಮ ಒತ್ತಕ್ಷರವೂ ಇದರಿಂದ ಗಟ್ಟಿಯಾಗುತ್ತದೆ ಎಂದು ನಿಮ್ಮ ಕನ್ನಡ ಟೀಚರ್ ಆಗಿ ಹೇಳುತ್ತಿದ್ದೇನೆ.

ನಾಲ್ಕನೆಯದು, ಕಂಕುಳಲ್ಲಿ ತಮ್ಮನನ್ನು ಹೊತ್ತು ನಿಂತ ಹುಡುಗಿಗೆ ಪಾಠ ಮಾತ್ರ ಸಾಲದು. ಹತ್ತಿರದ ಅಂಗನವಾಡಿಗೆ ಆ ತಮ್ಮನನ್ನು ಸೇರಿಸಿದ ದಿನವೇ ಅಕ್ಕ ಶಾಲೆಗೆ ಬರುತ್ತಾಳೆ.

ಐದನೆಯದು, ತಂದೆ ತಾಯಿಗೆ ಪಡಿತರ ಚೀಟಿಯ ವಿಷಯ, ಇ-ಶ್ರಮ್ ವಿಷಯ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಯ ವಿಷಯ ತಿಳಿಸಿ, ಅರ್ಜಿ ತುಂಬಿಕೊಡುವ ಒಂದು ಮೇಜನ್ನು ತಿಂಗಳಿಗೊಮ್ಮೆ ಇಡೋಣ. ಮುಂಬರುವ ಗಣತಿಯ ಸಮಯದಲ್ಲಿ ಈ ಶೆಡ್ಡುಗಳೂ ಎಣಿಕೆಯಲ್ಲಿ ಬರುವಂತೆ ನೋಡಿಕೊಳ್ಳೋಣ. ಅರ್ಜಿ ತುಂಬಲು ಓದು ಬರಹ ಬಲ್ಲ ಒಬ್ಬ ನೆರೆಯವರು ಸಾಕು.

ಗುಳೆ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಮಳೆ, ನೀರಾವರಿ, ಬೆಳೆಗೆ ಬೆಲೆ, ಊರಿನಲ್ಲೇ ಕೆಲಸ ಬೇಕು. ಅದು ಸರ್ಕಾರಗಳ ಹೊಣೆ. ನಗರಕ್ಕೆ ಬಂದು ದುಡಿದು ಊರಿನ ಸಾಲ ತೀರಿಸಿ, ಒಂದು ಎಕರೆ ಹೊಲ ಬಿಡಿಸಿಕೊಂಡವರನ್ನೂ ನಾನು ಬಲ್ಲೆ. ಬರುವುದು ತಪ್ಪಲ್ಲ. ತಂದೆ ಕಟ್ಟಡ ಕಟ್ಟಲು ಬಂದ ಒಂದೇ ಕಾರಣಕ್ಕೆ ಮಗನೂ ಇಟ್ಟಿಗೆಯನ್ನೇ ಹೊರಬೇಕಾಗಿ ಬರುವುದು ತಪ್ಪು. ಅದನ್ನು ತಡೆಯುವುದು ನಮ್ಮಂಥವರಿಂದ ಆಗುವ ಕೆಲಸ.

ಮುಂದಿನ ವರ್ಷದ ಸಂಚಿಕೆಯಲ್ಲಿ ಸಂಘದ ವರದಿಯ ಜೊತೆಗೆ ಒಂದು ಹೊಸ ಸಾಲು ಓದುವ ಆಸೆ ನನಗಿದೆ: ಈ ವರ್ಷ ಟೀಸಿ ಇಲ್ಲದೆ, ವಿಳಾಸವಿಲ್ಲದೆ ಬಂದು ನಮ್ಮ ಶಾಲೆಗೆ ಸೇರಿದ ಮಕ್ಕಳ ಸಂಖ್ಯೆ ಇಷ್ಟು. ಸಂಖ್ಯೆ ಹತ್ತಾದರೂ ಸರಿ. ಆ ಸಾಲು ಇರಲಿ.